ಅಂಟಕ್ಕನ ಮುನ್ನೂರು ಬಾವುಟ

ಅಂಟಕ್ಕನ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳಿರಲಿಲ್ಲ. ಮೂವತ್ತೊಂದು ವರ್ಷ ಕಾಗದದ ಮಡಿಕೆಗಳನ್ನು ತೀಡಿ ತೀಡಿ ಎಲ್ಲವೂ ಸವೆದುಹೋಗಿದ್ದವು. ಬೆರಳೊತ್ತಿಸಿಕೊಂಡು ಜನರನ್ನು ಗುರುತಿಸುವ ಯಂತ್ರವಿರುವ ಕಚೇರಿಗೆ ಹೋದಾಗಲೆಲ್ಲ ಅವಳದು ಒಂದೇ ಪಾಡು. ಅವಳು ಬೆರಳಿಡುವಳು, ಯಂತ್ರ ಕೆಂಪು ದೀಪ ಹೊತ್ತಿಸಿ ಇಂಥವರು ಯಾರೂ ಇಲ್ಲ ಎನ್ನುವುದು, ಹಿಂದಿನ ಸಾಲು ಗೊಣಗುವುದು. ಅಂಟಕ್ಕ ಮಾತ್ರ ಬೇಸರಿಸುತ್ತಿರಲಿಲ್ಲ. ಬೆರಳನ್ನು ಬಟ್ಟೆಗೆ ಒರೆಸಿ ಮತ್ತೆ ಇಟ್ಟು, ಕಿವಿ ಮಂದವಾದ ಮುದುಕರೊಡನೆ ಮಾತಾಡುವ ಹಾಗೆ ಯಂತ್ರದ ಹತ್ತಿರಕ್ಕೆ ಬಾಗಿ, "ನಾನೇ ಕಣಪ್ಪ, ಹೋದ ಸಲ ಬಂದಿದ್ನಲ್ಲ" ಎನ್ನುತ್ತಿದ್ದಳು.

ಅವಳು ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಇಪ್ಪತ್ತೊಂದಕ್ಕೆ ಸೇರಿದವಳಿಗೆ ಈಗ ಐವತ್ತೆರಡು. ದಿನದ ಮೊದಲ ಕೆಲಸ ಅಂಟು ಕಾಯಿಸುವುದು. ಮೈದಾಹಿಟ್ಟನ್ನು ತಣ್ಣೀರಿನಲ್ಲಿ ಕದಡಿ, ಹುಳ ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ ಬೆರೆಸಿ, ಸಣ್ಣ ಉರಿಯಲ್ಲಿ ಗಂಟು ಕಟ್ಟದ ಹಾಗೆ ತಿರುವುತ್ತ ನಿಲ್ಲಬೇಕು. ಅದು ಕನ್ನಡಿಯ ಹಾಗೆ ಹೊಳೆಯತೊಡಗಿದಾಗ ಇಳಿಸಬೇಕು. ಈ ಕಣ್ಣಳತೆ ಅವಳಿಗೆ ಎಷ್ಟು ಒಗ್ಗಿತ್ತೆಂದರೆ, ಮನೆಯಲ್ಲಿ ಗಂಜಿ ಕಾಯಿಸಿದರೂ ಅದು ಅದೇ ಹದಕ್ಕೆ ಬರುತ್ತಿತ್ತು. "ಅತ್ತಿಗೆ, ಇದನ್ನ ಕುಡಿಯೋದಾ, ಗೋಡೆಗೆ ಬಳಿಯೋದಾ" ಎಂದು ತಮ್ಮನ ಹೆಂಡತಿ ಕೇಳಿದ ದಿನದಿಂದ ಅವಳನ್ನು ಒಲೆಯ ಹತ್ತಿರ ಯಾರೂ ಬಿಡುತ್ತಿರಲಿಲ್ಲ. ಅಂಟಕ್ಕನೆಂಬ ಹೆಸರು ಬಂದದ್ದು ಹೀಗೆ. ಅದು ಯಾರು ಇಟ್ಟದ್ದೋ, ಯಾವಾಗ ಇಟ್ಟದ್ದೋ, ಅಂಟಿಕೊಂಡಿತ್ತು, ಅಷ್ಟೆ.

ಅಂಗಡಿ ಎಂದರೆ ರೈಲು ಡಬ್ಬಿಗಳಂತೆ ಒಂದರ ಹಿಂದೊಂದು ಮೂರು ಕೋಣೆ. ಹಿಂದಿನದರಲ್ಲಿ ಒಲೆ, ಅಂಟಿನ ಬಕೆಟ್ಟು, ಅಂಟಕ್ಕ. ನಡುವಿನದರಲ್ಲಿ ಕಾಗದ ಕತ್ತರಿಸುವ ದೊಡ್ಡ ಯಂತ್ರ, ಅದರ ಪಕ್ಕದಲ್ಲಿ ಅವಳ ತಮ್ಮ. ಮುಂದಿನದರಲ್ಲಿ ಯಜಮಾನರು. ಮೂರಕ್ಕೂ ಸೇರಿ ಕಿಟಕಿ ಒಂದೇ, ಅದು ಮುಂದಿನ ಕೋಣೆಯಲ್ಲಿ. ಆ ಕಿಟಕಿಯ ಕೆಳಗೆ ಉದ್ದನೆಯ ಮರದ ಮೇಜು. ಮೇಜಿನ ಮೇಲೆ ಐದು ಅಕ್ಷರಗಳು ಉದುರಿಹೋದ ಟೈಪ್‌ರೈಟರ್, ನಾಲ್ಕು ವರ್ಷಗಳ ಹಳೆಯ ಕ್ಯಾಲೆಂಡರುಗಳು, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಯಜಮಾನರ ತಲೆ.

ಅಂಟಕ್ಕನಿಗೆ ಆ ಮೇಜಿನ ಮೇಲೆ ಕಣ್ಣು. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ ಬಿಸಿಲು ಅದರ ಒಂದು ತುದಿಯಿಂದ ಇನ್ನೊಂದು ತುದಿಗೆ ಮೆಲ್ಲಗೆ ನಡೆದುಹೋಗುತ್ತದೆ. ಆ ಬೆಳಕಿನಲ್ಲಿ ಕಾಗದ ಹಿಡಿದರೆ ಅದರೊಳಗಿನ ನಾರೆಲ್ಲ ಕಾಣುತ್ತದೆ. ಕೆಲಸಕ್ಕೆ ಸೇರಿದ ಒಂಬತ್ತನೆಯ ವರ್ಷ ಒಮ್ಮೆ ಧೈರ್ಯ ಮಾಡಿ ಕೇಳಿದ್ದಳು. ಯಜಮಾನರು ಕಿಟಕಿ ಪಕ್ಕದಲ್ಲಿ ಅಂಟು ಬೇಗ ಒಣಗುತ್ತದೆಂದು ಹೇಳಿ ನಕ್ಕಿದ್ದರು. ಮಾತು ನಿಜವೂ ಆಗಿದ್ದರಿಂದ ಅವಳು ಹಿಂದಿನ ಕೋಣೆಗೆ ಬಂದು, ಟ್ಯೂಬ್‌ಲೈಟಿನ ಕೆಳಗೆ ಇನ್ನೂ ಇಪ್ಪತ್ತೆರಡು ವರ್ಷ ಕೂತಳು.

ಹಾಗೆ ಕೂತವಳಿಗೆ ವರ್ಷಕ್ಕೊಮ್ಮೆ ಒಂದು ಹುಚ್ಚು ಹಿಡಿಯುತ್ತಿತ್ತು. ಸ್ವಾತಂತ್ರ್ಯ ದಿನ ಹತ್ತಿರವಾದಂತೆ, ಕತ್ತರಿಸಿ ಉಳಿದ ಅಂಚುಗಳು, ರಟ್ಟಿನ ಚೂರುಗಳು, ಲೆಕ್ಕದ ಪುಸ್ತಕಗಳ ಬಟ್ಟೆಯ ಬೆನ್ನುಗಳು, ಇವನ್ನೆಲ್ಲ ಗುಡ್ಡೆ ಹಾಕಿಕೊಂಡು ಶುಭಾಶಯದ ಕಾರ್ಡು ಮಾಡುತ್ತಿದ್ದಳು. ಹಾಲು ತರುವವನಿಗೊಂದು, ಬಸ್ಸಿನ ಕಂಡಕ್ಟರಿಗೊಂದು, ಎದುರುಮನೆಯ ದಾದಿಗೊಂದು. ಲೆಕ್ಕ ನಲವತ್ತು ದಾಟುತ್ತಿರಲಿಲ್ಲ. ಒಂದು ವರ್ಷ ದಾರ ಎಳೆದರೆ ಮೇಲೇರುವ ಬಾವುಟ. ಒಂದು ವರ್ಷ ಗುಂಡಿ ತಿರುಗಿಸಿದರೆ ತಿರುಗುವ ಬಾವುಟ. ಆ ವರ್ಷ ತಮ್ಮನ ಅಂಗಿಗಳಿಗೆ ಗುಂಡಿಗಳೇ ಇರಲಿಲ್ಲ. ಈ ವರ್ಷದ್ದು ಎಲ್ಲಕ್ಕಿಂತ ಸರಳ. ಕಾರ್ಡು ತೆರೆದರೆ ಮಡಿಕೆಯ ನಡುವಿನಿಂದ ಕಂಬವೊಂದು ಎದ್ದು ನಿಲ್ಲುತ್ತದೆ, ಕಂಬದ ತುದಿಯಲ್ಲಿ ಬಾವುಟ. ಮುಚ್ಚಿದರೆ ಮಡಿಕೆಯೊಳಗೆ ಹೋಗಿ ಮಲಗುತ್ತದೆ. ಮಾದರಿಯೊಂದನ್ನು ಮಾಡಿ ಒಲೆಯ ಮೇಲಿನ ಹಲಗೆಯಲ್ಲಿ ತೆರೆದಿಟ್ಟಿದ್ದಳು.

ನಗರಸಭೆಯ ಹೆಡ್‌ಕ್ಲರ್ಕ್ ಮೇಡಂ ರಿಜಿಸ್ಟರುಗಳಿಗೆ ರಟ್ಟು ಹಾಕಿಸಲು ಬಂದವರು ಅದನ್ನು ನೋಡಿದ್ದೇ ಆಕಸ್ಮಿಕ. ಊರಿನಲ್ಲಿ ಅವರು ನಕ್ಕದ್ದನ್ನು ಕಂಡವರಿಲ್ಲ. ಹಿಂದಿನ ಕೋಣೆಯವರೆಗೆ ಬಂದವರು ಕಾರ್ಡನ್ನು ಎತ್ತಿಕೊಂಡು, ಮುಚ್ಚಿ, ತೆರೆದು, ಎರಡೂ ಬದಿಯಿಂದ ನೋಡಿ, ಕಂಬ ಓಲುವುದೋ ಎಂದು ಬೆರಳಿನಿಂದ ತಟ್ಟಿದರು. ಕಂಬ ಸಿಪಾಯಿಯ ಹಾಗೆ ನಿಂತಿತ್ತು. ಪ್ರತಿ ವರ್ಷ ದೊಡ್ಡ ಊರಿನಿಂದ ಅಚ್ಚು ಹಾಕಿದ ಕಾರ್ಡು ತರಿಸುವುದು, ಅವು ಹಬ್ಬ ಮುಗಿದ ಮೇಲೆ ಬಂದು ತಲುಪುವುದು ಸಾಕಾಗಿದೆಯೆಂದರು. ಪುರಭವನದಲ್ಲಿ ಮುನ್ನೂರು ಕುರ್ಚಿಗಳಿವೆ, ಕುರ್ಚಿಗೊಂದರಂತೆ ಇಂಥದೇ ಮುನ್ನೂರು ಕಾರ್ಡು ಬೇಕು ಎಂದರು. ಎಂದು, ಹೊರಟುಹೋದರು.

ಯಜಮಾನರಿಗೆ ಸಂತೋಷವೋ ಗಾಬರಿಯೋ ತಿಳಿಯಲಿಲ್ಲ. ನಗರಸಭೆಯ ಮುಂದೆ ಅಂಗಡಿಯ ಮಾನದ ಪ್ರಶ್ನೆ. ಅವರು ಅಂಟಕ್ಕನನ್ನು ಮುಂದಿನ ಕೋಣೆಗೆ ಕರೆದು, ಟೈಪ್‌ರೈಟರಿನ ಮೇಲೆ ಕೈಯಿಟ್ಟು ಹೇಳಿದರು:

"ನೋಡಮ್ಮ, ಇದು ಸರಿಯಾಗಿ ದಾಟಿದ್ರೆ ಈ ಮೇಜು ನಿಂದು. ಇಲ್ಲೇ ಕೂತು ಇಂಥ ಕೆಲಸಾನೇ ಮಾಡು. ಏನಾದ್ರೂ ಎಡವಟ್ಟಾಯ್ತೋ, ಈ ಅಂಗಡೀಲಿ ಇನ್ನು ಕಾರ್ಡಿನ ಮಾತು ಎತ್ತಬಾರದು."

ಅಂದಿನಿಂದ ಅಂಟಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಂಟು ಬಳಿಯುವ ಕುಂಚವನ್ನು ಪೆನ್ನಿನ ಹಾಗೆ ತಲೆಗೂದಲಿಗೆ ಸಿಕ್ಕಿಸಿಕೊಂಡು ಮನೆಗೆ ಬಂದಳು. ಮಾರನೆಯ ದಿನ ಅದನ್ನು ಬಿಡಿಸಲು ತಮ್ಮನ ಹೆಂಡತಿ ಬಿಸಿನೀರು ಕಾಯಿಸಬೇಕಾಯಿತು. ಕಾರ್ಡಿನ ಕೆಲಸಕ್ಕೆ ಇಡೀ ಮನೆ ನಿಂತಿತು. ತಮ್ಮನ ಮಗಳು ಕಾಲೇಜಿಗೆ ಹೋಗುವವಳು. ಒಮ್ಮೆ ನಗು ಶುರುವಾದರೆ ಅಲುಗಾಡಿಸಿದ ಗಿಲಕಿಯ ಹಾಗೆ ನಿಲ್ಲುವುದೇ ಇಲ್ಲವಾದ್ದರಿಂದ ಮನೆಯಲ್ಲಿ ಅವಳು ಗಿಲಕಿ. ಬಾವುಟಕ್ಕೆ ಬಣ್ಣದ ಪಟ್ಟಿ ಅಂಟಿಸುವ ಕೆಲಸ ಅವಳದು. ಮೇಲಿನ ಬಣ್ಣ ಕೆಳಗಾಗಬಾರದೆಂದು ಅಂಟಕ್ಕ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು. ಮೊದಲ ದಿನ ಅಂಟಕ್ಕನೇ ಒಂದನ್ನು ತಲೆಕೆಳಗಾಗಿ ಅಂಟಿಸಿದಳು. ಗಿಲಕಿ ಅರ್ಧ ಗಂಟೆ ಕೆಲಸ ಮಾಡಲಾಗಲಿಲ್ಲ.

ಕಂಬದ ಕಾಗದ ಕತ್ತರಿಸುವುದು ತಮ್ಮನ ಪಾಲು. ಅವನನ್ನು ಎಲ್ಲರೂ ಮಿಲಿಮೀಟರ್ ಎಂದೇ ಕರೆಯುವುದು. ಸ್ಟೀಲಿನ ಸ್ಕೇಲು ಅಂಗಿಯ ಜೇಬಿನಲ್ಲಿಲ್ಲದೆ ಅವನು ಮಲಗುವುದೂ ಇಲ್ಲ. ಮದುವೆಯ ದಿನ ಫೋಟೋ ತೆಗೆಯುವವನಿಗೆ, ಹುಡುಗಿ ಎರಡು ಮಿಲಿಮೀಟರ್ ಎಡಕ್ಕೆ ನಿಂತಿದ್ದಾಳೆ ಎಂದನಂತೆ. ಇಪ್ಪತ್ತು ವರ್ಷವಾದರೂ ಹೆಂಡತಿ ಅದನ್ನು ಮರೆತಿಲ್ಲ. ಅವನ ಬದುಕಿನ ಹೆಮ್ಮೆ ಒಂದೇ, ಅವನ ಯಂತ್ರದ ಕೆಳಗಿನ ಕಸದ ಬುಟ್ಟಿ ತುಂಬುವುದಿಲ್ಲ. ಚೂರು ಬಿದ್ದರೆ ಅವನಿಗೆ ತನ್ನದೇ ಉಗುರು ಕಿತ್ತ ಹಾಗೆ.

ಇಲ್ಲಿ ಕಾಗದದ ಬಗ್ಗೆ ಒಂದು ಮಾತು ಹೇಳಲೇಬೇಕು. ಕಾಗದಕ್ಕೂ ಮರದ ಹಾಗೆ ನಾರಿನ ದಿಕ್ಕಿದೆ. ನಾರಿನ ಉದ್ದಕ್ಕೆ ಕತ್ತರಿಸಿದ ಪಟ್ಟಿ ಬೆತ್ತದಂತೆ ನೆಟ್ಟಗಿರುತ್ತದೆ. ಅಡ್ಡಕ್ಕೆ ಕತ್ತರಿಸಿದ್ದು ಸೋತವರ ಕತ್ತಿನಂತೆ ಬಾಗುತ್ತದೆ. ನೋಡಿದರೆ ಎರಡೂ ಒಂದೇ. ರಟ್ಟು ಕಟ್ಟುವವರು ಹಾಳೆಯ ಮೂಲೆಯನ್ನು ನಾಲಿಗೆಗೆ ತಾಗಿಸಿ, ಅದು ಯಾವ ಕಡೆಗೆ ಸುರುಳಿಯಾಗುತ್ತದೆಂದು ನೋಡಿ ನಾರಿನ ದಿಕ್ಕು ತಿಳಿಯುತ್ತಾರೆ. ಅಂಟಕ್ಕ ಎಷ್ಟು ಸಾವಿರ ಹಾಳೆಗಳನ್ನು ಹಾಗೆ ನೆಕ್ಕಿದ್ದಾಳೋ ಲೆಕ್ಕವಿಲ್ಲ. ಯಾವ ಕಾರ್ಖಾನೆಯ ಕಾಗದವೆಂದು ರುಚಿಯಿಂದಲೇ ಹೇಳುತ್ತಾಳೆಂದು ಗಿಲಕಿ ಗೆಳತಿಯರ ಮುಂದೆ ಬಡಾಯಿ ಕೊಚ್ಚುತ್ತಿದ್ದಳು.

ಆ ದಿನ ಮಿಲಿಮೀಟರ್ ಹಳೆಯ ಲಕೋಟೆಯ ಬೆನ್ನಿನ ಮೇಲೆ ಲೆಕ್ಕ ಹಾಕಿದ. ಹಾಳೆಯನ್ನು ಉದ್ದಕ್ಕೆ ಇಟ್ಟರೆ ನಲವತ್ತು ಕಂಬ, ಕೊನೆಗೆ ಮೂರು ಬೆರಳಗಲದ ಚೂರು. ತಿರುಗಿಸಿ ಇಟ್ಟರೆ ನಲವತ್ತೈದು, ಕೊನೆಗೆ ಏನೂ ಇಲ್ಲ. ಏನೂ ಇಲ್ಲ ಎಂಬುದನ್ನು ಅವನು ಎರಡು ಸಲ ಅಡಿಗೆರೆ ಎಳೆದು ನೋಡಿದ. ಅವನಿಗೂ ನಾರಿನ ವಿಷಯ ಗೊತ್ತಿಲ್ಲದ್ದೇನಲ್ಲ. ಆದರೆ ಅಷ್ಟು ಚಂದದ ಲೆಕ್ಕ ಎದುರಿಗೆ ಕೂತಿರುವಾಗ ಇನ್ನೊಂದು ಯೋಚನೆಗೆ ತಲೆಯಲ್ಲಿ ಜಾಗವಿರಲಿಲ್ಲ. ಕತ್ತರಿಸಿ ಮುಗಿಸಿ ಖಾಲಿ ಬುಟ್ಟಿಯನ್ನು ಎತ್ತಿಕೊಂಡು ಅಕ್ಕನಿಗೆ ತೋರಿಸಲು ಬಂದ.

ಅಂಟಕ್ಕ ಆಗ ಮುಂದಿನ ಕೋಣೆಯಲ್ಲಿದ್ದಳು. ಯಜಮಾನರು ಊಟಕ್ಕೆ ಹೋಗಿದ್ದರು. ಅವಳು ಕಿಟಕಿಯ ಕೆಳಗಿನ ಮೇಜನ್ನು ಗೇಣಿನಿಂದ ಅಳೆಯುತ್ತಿದ್ದಳು. ಹನ್ನೊಂದು ಗೇಣು ಉದ್ದ. ಕತ್ತರಿ ಇಲ್ಲಿ, ಅಂಟಿನ ಬಟ್ಟಲು ಅಲ್ಲಿ, ಮಡಿಕೆ ತೀಡುವ ಮೂಳೆಪಟ್ಟಿ ಬಲಗೈ ಹತ್ತಿರ. ತಮ್ಮ ತೋರಿಸಿದ ಬುಟ್ಟಿಯೊಳಕ್ಕೆ ಇಣುಕಿ, "ಆಹಾ, ಬಂಗಾರದಂಥ ಕೈ ನಿಂದು" ಎಂದಳು. ಪಟ್ಟಿಯನ್ನು ನಾಲಿಗೆಗೆ ತಾಗಿಸಲಿಲ್ಲ. ಮೂವತ್ತೊಂದು ವರ್ಷದಲ್ಲಿ ಅದೊಂದೇ ದಿನ.

ಹದಿನೈದು ದಿನದಲ್ಲಿ ಮುನ್ನೂರೂ, ಕೆಟ್ಟರೆ ಇರಲೆಂದು ಮೇಲೆ ಐದೂ ಮುಗಿದವು. ಅಂಟಿಸಿದ್ದೆಲ್ಲ ಕಬ್ಬಿಣದ ಒತ್ತುಯಂತ್ರದೊಳಗೆ ಹೋದವು. ಮೇಲಿನ ಚಕ್ರ ತಿರುಗಿಸಿ ಬಿಗಿ ಮಾಡಿದರೆ ಮೂರು ದಿನ ಅದನ್ನು ಯಾರೂ ಮುಟ್ಟಬಾರದು. ಇದು ಅಂಗಡಿಯ ಕಾನೂನು, ಅದರ ಪೊಲೀಸು ಅಂಟಕ್ಕ. ಒಮ್ಮೆ ಯಜಮಾನರ ಕೈಗೇ ಫಟ್ಟೆಂದು ಏಟು ಕೊಟ್ಟಿದ್ದಳು. ಗಿಲಕಿ ಒಂದೇ ಒಂದನ್ನು ತೆಗೆದು ನೋಡೋಣವೆಂದು ದಿನಕ್ಕೆರಡು ಸಲ ಗೋಗರೆದಳು. ಒಣಗದ ಮಡಿಕೆ ತೆರೆದರೆ ಜನ್ಮಕ್ಕೂ ಸೆಟೆಯುವುದಿಲ್ಲವೆಂದು ಅಂಟಕ್ಕ ಬಿಡಲಿಲ್ಲ.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಎಂಟಕ್ಕೆ, ಯಜಮಾನರು ಬರುವ ಮೊದಲೇ, ಮೂವರೂ ಸೇರಿ ಚಕ್ರ ತಿರುಗಿಸಿದರು. ಕಾರ್ಡುಗಳು ಮಟ್ಟಸವಾಗಿ, ತಣ್ಣಗೆ, ಹೊಸ ಬಟ್ಟೆಯ ಹಾಗೆ ಹೊರಬಂದವು. ಅಂಟಕ್ಕ ಮೇಲಿನದನ್ನು ತೆಗೆದುಕೊಂಡು, ಉಸಿರು ಬಿಗಿಹಿಡಿದು, ತೆರೆದಳು.

ಕಂಬ ಎದ್ದಿತು. ಮುಕ್ಕಾಲು ಎದ್ದು, ಏನೋ ನೆನಪಾದವರಂತೆ ಒಂದು ಕ್ಷಣ ತಡೆದು, ಬಾವುಟದ ಸಮೇತ ಮೆಲ್ಲಗೆ ಮುಂದಕ್ಕೆ ಬಾಗಿತು.

ಅಂಟಕ್ಕ ಎರಡನೆಯದನ್ನು ತೆರೆದಳು. ಅದೂ ಎದ್ದು ಬಾಗಿತು. ಮೂರನೆಯದು. ಹತ್ತನೆಯದು. ಹಿಂದಿನ ಕೋಣೆಯ ಕೆಲಸದ ಮೇಜಿನ ಮೇಲೆ ಸಾಲಾಗಿ ಇಟ್ಟ ಹತ್ತೂ ಬಾವುಟಗಳು ಒಂದೇ ಸಂಸಾರದವರ ಹಾಗೆ ವಿನಯದಿಂದ ತಲೆ ತಗ್ಗಿಸಿ ನಿಂತಿದ್ದವು.

"ಅತ್ತೆ," ಎಂದಳು ಗಿಲಕಿ. ಅವಳ ದನಿ ಆಗಲೇ ನಡುಗುತ್ತಿತ್ತು. "ಇವು ನಿಂಗೆ ನಮಸ್ಕಾರ ಮಾಡ್ತಿವೆ."

ಅಂಟಕ್ಕ ಉಳಿದಿದ್ದ ಕಂಬದ ಪಟ್ಟಿಯೊಂದನ್ನು ತೆಗೆದು ಮೂಲೆಯನ್ನು ನಾಲಿಗೆಗೆ ತಾಗಿಸಿದಳು. ಸುರುಳಿಯಾಗಬಾರದ ಕಡೆಗೆ ಅದು ಸುರುಳಿಯಾಯಿತು. ಅವಳು ತಮ್ಮನನ್ನು ನೋಡಿದಳು. ತಮ್ಮ ಕಸದ ಬುಟ್ಟಿಯನ್ನು ನೋಡಿದ.

"ಹಾಳೆ ತಿರುಗಿಸಿದ್ಯಾ?"

"ಸ್ವಲ್ಪ."

"ಹಾಳೇನ ಸ್ವಲ್ಪ ಹೇಗೋ ತಿರುಗಿಸ್ತಾರೆ?"

"ತೊಂಬತ್ತು ಡಿಗ್ರಿ," ಎಂದ ಮಿಲಿಮೀಟರ್. ಅಂಥ ಹೊತ್ತಿನಲ್ಲೂ ಅವನಿಗೆ ಅಳತೆ ತಪ್ಪಿ ಹೇಳಲಾಗಲಿಲ್ಲ.

ಅಂಟಕ್ಕ ಮಗುಚಿಟ್ಟ ಅಂಟಿನ ಬಕೆಟ್ಟಿನ ಮೇಲೆ ಕೂತುಬಿಟ್ಟಳು. ಅಲ್ಲಿಂದ ನೋಡಿದರೆ ಎರಡು ಬಾಗಿಲುಗಳ ಆಚೆ, ಮುಂದಿನ ಕೋಣೆಯಲ್ಲಿ, ಕಿಟಕಿಯ ಮೇಜಿನ ಒಂದು ಮೂಲೆ ಕಾಣುತ್ತಿತ್ತು. ಬಿಸಿಲು ಇನ್ನೂ ಅಲ್ಲಿಗೆ ಬಂದಿರಲಿಲ್ಲ. ಹೊಸ ಕಾಗದವಿಲ್ಲ, ಹೊಸದಾಗಿ ಒಣಗಿಸಲು ಮೂರು ದಿನವಿಲ್ಲ. ತಮ್ಮನನ್ನು ಬೈಯೋಣವೆಂದರೆ, ನಾಲಿಗೆಯಿದ್ದೂ ಅದನ್ನು ಕೆಲಸಕ್ಕೆ ಹಚ್ಚದೆ ಹೋದವಳು ತಾನೇ.

ತಮ್ಮನ ಹೆಂಡತಿಗೆ ಸುದ್ದಿ ಹೋಯಿತು. ಅವಳು ಬರುವಾಗಲೇ ಇಸ್ತ್ರಿಪೆಟ್ಟಿಗೆ ತಂದಳು. ಬಿಸಿ ತಾಗಿದರೆ ಸೆಟೆದು ನಿಲ್ಲಬಹುದೆಂಬುದು ಅವಳ ವಾದ. ಒಂದು ಬಾವುಟ ಸೆಟೆದು ನಿಂತಿತು, ನಡುವೆ ಕಂದು ಬಣ್ಣದ ಹೊಸ ಪಟ್ಟಿಯೊಂದು ಸೇರಿಕೊಂಡಿತು. ಅಂಥ ದೇಶ ಯಾವುದೂ ಇಲ್ಲವೆಂದು ಗಿಲಕಿ ಹೇಳಿದಳು. ಮಿಲಿಮೀಟರ್ ಪೊರಕೆಯ ಕಡ್ಡಿ ಮುರಿದು ಕಂಬದ ಬೆನ್ನಿಗೆ ಅಂಟಿಸಿದ. ಕಾರ್ಡು ಮುಚ್ಚಿದಾಗ ಕಡ್ಡಿ ರಟ್ಟನ್ನು ತೂತು ಮಾಡಿಕೊಂಡು ಹೊರಬಂದು ಅವನ ಅಂಗೈಗೆ ಚುಚ್ಚಿತು. ನಾಳೆ ಮುನ್ನೂರು ಜನ ಕೈಗೆ ಬಟ್ಟೆ ಸುತ್ತಿಕೊಂಡು ರಾಷ್ಟ್ರಗೀತೆ ಹಾಡುತ್ತಾರೆ ಎಂದು ಗಿಲಕಿ ಹೇಳಿದ್ದೇ ತಡ, ಅವಳಿಗೆ ಶುರುವಾಯಿತು.

ಮೊದಲು ಬಾಯಿ ಮುಚ್ಚಿಕೊಂಡಳು. ಆಮೇಲೆ ಗೋಡೆ ಹಿಡಿದುಕೊಂಡಳು. ಆಮೇಲೆ ಮೇಜಿನ ಮೇಲೆ ಬೋರಲಾಗಿ ಬಿದ್ದು, ಸಾಲು ನಿಂತ ಬಾವುಟಗಳ ಎದುರಿಗೇ ಮುಖವಿಟ್ಟು ನಕ್ಕಳು. ಆ ನಗೆಯ ಗಾಳಿ ತಾಗಿ ಎದುರಿನ ಬಾವುಟ ಸಟ್ಟನೆ ತಲೆಯೆತ್ತಿತು. ಎತ್ತಿದ್ದಷ್ಟೇ ಅಲ್ಲ, ಪಟಪಟನೆ ಬಡಿದುಕೊಂಡಿತು. ನಗು ಉಸಿರಿಗಾಗಿ ತಡೆದಾಗ ಮೆಲ್ಲಗೆ ಬಾಗಿತು. ಮತ್ತೆ ನಕ್ಕಾಗ ಎದ್ದಿತು.

ಅಂಟಕ್ಕ ಬಕೆಟ್ಟಿನಿಂದ ಎದ್ದಳು. ಮಗುವಿನ ಕಣ್ಣಿಗೆ ಬಿದ್ದ ಕಸ ತೆಗೆಯುವವಳ ಹಾಗೆ ಬಾಗಿ, ತುಟಿ ಕೂಡಿಸಿ, ಪಕ್ಕದ ಬಾವುಟಕ್ಕೆ ಊದಿದಳು. ಅದು ಎದ್ದು ಹಾರಿತು. ಒಲೆಯ ಮೇಲಿನ ಹಲಗೆಯಿಂದ ತನ್ನ ಮಾದರಿಯನ್ನು, ನಾರು ನೋಡಿ ಮಾಡಿದ್ದ ಆ ಸರಿಯಾದದ್ದನ್ನು ತಂದು ಪಕ್ಕದಲ್ಲಿಟ್ಟು ಅದಕ್ಕೂ ಊದಿದಳು. ಅದು ಹಲಗೆಯ ಹಾಗೆ ನಿಂತೇ ಇತ್ತು, ಮಿಸುಕಲಿಲ್ಲ. ಬಾವುಟಕ್ಕೆ ಗಾಳಿ ಬೇಕಲ್ಲವೇ ಎಂದು ಅವಳು ತನಗೆ ತಾನೇ ಎಂಬಂತೆ ಅಂದಳು. ಆಮೇಲೆ ಒಂದಾದ ಮೇಲೊಂದಕ್ಕೆ ಹತ್ತಕ್ಕೂ ಊದಿಕೊಂಡು ಹೋದಳು. ಕೊನೆಯದನ್ನು ಊದುವಷ್ಟರಲ್ಲಿ ಮೊದಲನೆಯದು ಬಾಗುತ್ತಿತ್ತು. ಅವಳು ಓಡಿ ಬಂದು ಅದಕ್ಕೆ ಊದಿದಳು. ಗಿಲಕಿ ಆ ತುದಿ, ಅಂಟಕ್ಕ ಈ ತುದಿ, ನಡುವೆ ತಮ್ಮನ ಹೆಂಡತಿ. ಹತ್ತೂ ಬಾವುಟ ಒಟ್ಟಿಗೆ ಹಾರುವಂತೆ ಮಾಡಲು ಹೋಗಿ ಎಲ್ಲರಿಗೂ ತಲೆ ಸುತ್ತಿ ಬಂತು. ಇಸ್ತ್ರಿಪೆಟ್ಟಿಗೆಯನ್ನು ಆರಿಸಬೇಕೆಂದು ಯಾರಿಗೂ ನೆನಪಾಗಲಿಲ್ಲ. ಒಲೆಯ ಮೇಲಿನ ಅಂಟು ತಳ ಹಿಡಿಯಿತು.

ಮಿಲಿಮೀಟರ್ ಇವನ್ನು ಸುಮ್ಮನೆ ಡಬ್ಬಕ್ಕೆ ಹಾಕಿ ಕೊಟ್ಟುಬಿಡೋಣ, ಕುರ್ಚಿಯ ಮೇಲಿಟ್ಟ ಮೇಲೆ ಯಾರು ಕೇಳುತ್ತಾರೆ ಎಂದ. ಅಂಟಕ್ಕ ಒಪ್ಪಲಿಲ್ಲ. ಕೆಲಸ ಒಪ್ಪಿಸಿದವರಿಗೆ ಒಪ್ಪಿದ್ದನ್ನೇ ಕೊಡಬೇಕು, ಇಲ್ಲವಾದರೆ ಇಲ್ಲವೆಂದು ಮೊದಲೇ ಹೇಳಬೇಕು. ಎರಡು ಕಾರ್ಡುಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಗಿಲಕಿಯ ಜೊತೆ ನಗರಸಭೆಗೆ ಹೊರಟಳು. ಗಿಲಕಿ, ಮೇಡಂ ಎದುರಿಗೆ ತಾನು ನಕ್ಕರೆ ತನ್ನ ಜಡೆ ಹಿಡಿದು ಎಳೆಯಬೇಕೆಂದು ಅತ್ತೆಯ ಹತ್ತಿರ ತಾನೇ ಮಾತು ತೆಗೆದುಕೊಂಡಿದ್ದಳು.

ಹೆಡ್‌ಕ್ಲರ್ಕ್ ಮೇಡಂ ಕೋಣೆಯಲ್ಲಿ ಫ್ಯಾನು ತಿರುಗುತ್ತಿರಲಿಲ್ಲ. ಸೆಕೆಯಿದ್ದರೂ ಅದನ್ನು ಹಾಕುವಂತಿರಲಿಲ್ಲ. ಮೇಜಿನ ಮೇಲೆ, ಬೀರುವಿನ ಮೇಲೆ, ನೆಲದ ಮೇಲೆ ಕಾಗದದ ಕಂತೆಗಳು, ಪ್ರತಿ ಕಂತೆಯ ಮೇಲೂ ಒಂದು ಕಲ್ಲೋ ಗಾಜಿನ ಗುಂಡೋ ಹಳೆಯ ಬೀಗವೋ. ಇಪ್ಪತ್ತಾರು ವರ್ಷದಿಂದ ಆಕೆ ಮಾಡಿದ್ದೇ ಅದು, ಕಾಗದ ಹಾರದಂತೆ ನೋಡಿಕೊಳ್ಳುವುದು.

ಅವರು ಕಾರ್ಡು ತೆರೆದರು. ಬಾವುಟ ಎದ್ದು, ತಡೆದು, ಬಾಗಿತು. ಕನ್ನಡಕ ಸರಿಮಾಡಿಕೊಂಡು ಎರಡನೆಯದನ್ನು ತೆರೆದರು. ಅದೂ ಬಾಗಿತು.

"ಇದು ನಾನು ಒಪ್ಪಿದ್ದ ಕಾರ್ಡಲ್ಲ," ಎಂದರು.

ಅಲ್ಲವೆಂದು ಅಂಟಕ್ಕ ಒಪ್ಪಿಕೊಂಡಳು. ನಾರು ಅಡ್ಡವಾದದ್ದನ್ನು ಹೇಳಿದಳು. ಯಾರು ತಿರುಗಿಸಿದರೆಂದು ಹೇಳಲಿಲ್ಲ, ನಾವು ತಪ್ಪು ಮಾಡಿದೆವು ಎಂದಷ್ಟೇ ಅಂದಳು. ಬೇಡವೆಂದರೆ ಮುನ್ನೂರನ್ನೂ ಅಂಗಡಿಯಲ್ಲೇ ಇಟ್ಟುಕೊಳ್ಳುವುದಾಗಿಯೂ ಹೇಳಿದಳು. ಆ ಮಾತು ಹೇಳುವಾಗ ಹನ್ನೊಂದು ಗೇಣಿನ ಮೇಜು ಕಣ್ಣೆದುರಿಗೆ ಬಂದು ಹೋಯಿತು. ಆಮೇಲೆ ಕಾರ್ಡನ್ನು ಅವರ ಕಡೆ ಸರಿಸಿ, "ಒಂದ್ಸಲ ಊದಿ ನೋಡಿ ಮೇಡಂ," ಎಂದಳು.

"ಏನು ಮಾಡ್ಬೇಕು?"

"ಊದ್ಬೇಕು. ಬಿಸಿ ಹಾಲು ಆರಿಸ್ತೀವಲ್ಲ, ಹಾಗೆ."

ಮೇಡಂ ಬಾಗಿಲ ಕಡೆ ನೋಡಿದರು. ಹೊರಗೆ ಜವಾನ ಸ್ಟೂಲಿನ ಮೇಲೆ ತೂಕಡಿಸುತ್ತಿದ್ದ. ಅವರು ಕಾರ್ಡನ್ನು ಮುಖದ ಹತ್ತಿರ ತಂದು, ಇಷ್ಟವಿಲ್ಲದವರ ಹಾಗೆ, ಒಂದು ಸಣ್ಣ ಉಸಿರು ಬಿಟ್ಟರು. ಬಾವುಟ ತಲೆಯೆತ್ತಿ ಪಟಪಟನೆ ಹಾರಿತು. ನಿಂತಿತು. ಬಾಗಿತು.

"ಬಾಗಿಲು ಹಾಕಮ್ಮ," ಎಂದು ಗಿಲಕಿಗೆ ಹೇಳಿದರು.

ಬಾಗಿಲು ಹಾಕಿದ ಮೇಲೆ ಮತ್ತೆ ಊದಿದರು. ಈ ಸಲ ಕೆನ್ನೆಯುಬ್ಬಿಸಿ. ಆಮೇಲೆ ಎರಡೂ ಕಾರ್ಡುಗಳನ್ನು ಅಕ್ಕಪಕ್ಕ ಇಟ್ಟು ಒಂದೇ ಉಸಿರಿನಲ್ಲಿ ಎರಡನ್ನೂ ಹಾರಿಸಲು ನೋಡಿದರು. ಕಲ್ಲಿಡದೇ ಇದ್ದ ಒಂದು ಅರ್ಜಿ ಹಾರಿ ನೆಲಕ್ಕೆ ಬಿತ್ತು. ಅದನ್ನು ಎತ್ತಿಕೊಳ್ಳಲಿಲ್ಲ. ಗಿಲಕಿ ತನ್ನ ಜಡೆಯನ್ನು ತಾನೇ ಗಟ್ಟಿಯಾಗಿ ಹಿಡಿದುಕೊಂಡು ಸೂರು ನೋಡುತ್ತ ನಿಂತಿದ್ದಳು. ಕೊನೆಗೆ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಮುಖ ಕೆಂಪಾಗಿತ್ತು.

"ನೆಟ್ಟಗೆ ನಿಂತಿದ್ದ ಕಾರ್ಡನ್ನ ನಾನು ಒಂದೇ ಸಲ ನೋಡಿದ್ದು," ಎಂದರು. "ಇದನ್ನ ಆರು ಸಲ ನೋಡ್ದೆ. ಆದ್ರೆ ಊದ್ಬೇಕು ಅಂತ ಜನಕ್ಕೆ ಹೇಗಮ್ಮ ಗೊತ್ತಾಗ್ಬೇಕು? ಬರೀರಿ. ಎಲ್ಲದರ ಮೇಲೂ ಬರೀರಿ."

ಬರೆದರು. ಆ ಮಧ್ಯಾಹ್ನವಿಡೀ ಹಿಂದಿನ ಕೋಣೆಯಲ್ಲಿ ನಾಲ್ವರೂ ನೆಲದ ಮೇಲೆ ಕೂತು, ಬಾವುಟದ ಕೆಳಗೆ 'ಊದಿ' ಎಂದು ಎರಡಕ್ಷರ ಮುನ್ನೂರು ಸಲ ಬರೆದರು. ಅಂಚಿನಿಂದ ಹನ್ನೆರಡು ಮಿಲಿಮೀಟರ್ ಬಿಟ್ಟು ಪೆನ್ಸಿಲಿನಲ್ಲಿ ಗೆರೆ ಹಾಕಿಕೊಟ್ಟವನು ಯಾರೆಂದು ಹೇಳಬೇಕಾಗಿಲ್ಲ. ಬೆಳಿಗ್ಗೆಯಿಂದ ಅವನ ಮುಖ ಅಂಟಿಲ್ಲದ ಲಕೋಟೆಯ ಹಾಗಿತ್ತು. ನೂರನೆಯ ಕಾರ್ಡಿನ ಹೊತ್ತಿಗೆ ಅದು ಸರಿಹೋಯಿತು. ಇನ್ನೂರನೆಯದರ ಹೊತ್ತಿಗೆ, ತಾನು ಹಾಳೆ ತಿರುಗಿಸಿದ್ದರಿಂದಲೇ ಇದೆಲ್ಲ ಆದದ್ದು ಎಂಬ ಮಾತು ಹೊರಟಿತು. ಹೆಂಡತಿ, ಎರಡು ಮಿಲಿಮೀಟರ್ ಎಡಕ್ಕೆ ಸರಿದು ಮಾತಾಡಿ ಎಂದಳು. ಯಜಮಾನರಿಗೆ ಯಾರೂ ಏನೂ ಹೇಳಲಿಲ್ಲ. ಹೇಳೋಣವೆಂದರೆ ಎರಡರಿಂದ ನಾಲ್ಕರವರೆಗೆ ಅವರು ಕೇಳುವ ಸ್ಥಿತಿಯಲ್ಲಿರಲಿಲ್ಲ. ಸಂಜೆ ಬಿಸಿಲಿರುವಾಗಲೇ ಡಬ್ಬಗಳು ಪುರಭವನ ಸೇರಿದವು.

ಮರುದಿನ ಅಂಟಕ್ಕ ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕ ಕೂತಳು. ಬೇಕಾದರೆ ಎದ್ದು ಓಡಿಹೋಗಬಹುದಾದ ಕುರ್ಚಿ ಅದು. ಐದನೆಯ ಸಾಲಿನಲ್ಲಿ ಯಜಮಾನರ ತಲೆ ಕಾಣುತ್ತಿತ್ತು. ನಗರಸಭೆಯ ಅಧ್ಯಕ್ಷರ ಭಾಷಣ ಶುರುವಾಯಿತು. ಪ್ರತಿ ವರ್ಷದ್ದೇ ಭಾಷಣ, ಕಾಗದದ ಅಂಚು ಹಳದಿಯಾಗಿತ್ತು. ಜನ ಕೈಗೆ ಸಿಕ್ಕಿದ ಕಾರ್ಡುಗಳನ್ನು ಒಬ್ಬೊಬ್ಬರಾಗಿ ತೆರೆಯತೊಡಗಿದರು.

ಯಜಮಾನರೂ ತೆರೆದರು. ಅವರ ಬೆನ್ನು ಸೆಟೆದದ್ದು ಅಂಟಕ್ಕನಿಗೆ ಹಿಂದಿನಿಂದಲೇ ತಿಳಿಯಿತು. ಅವರು ಎಡಗಡೆಯವರ ಕಾರ್ಡು ನೋಡಿದರು, ಬಲಗಡೆಯವರದ್ದು ನೋಡಿದರು, ಎಲ್ಲ ಬಾವುಟಗಳೂ ಬಾಗಿದ್ದವು. ಮೆಲ್ಲಗೆ ಹಿಂದಕ್ಕೆ ತಿರುಗಿ ಸಾಲು ಸಾಲಾಗಿ ಹುಡುಕಿ ಅವಳನ್ನು ಕಂಡುಹಿಡಿದರು. ಅಂಟಕ್ಕ ಬೇರೇನೂ ತೋಚದೆ, ಅಷ್ಟು ದೂರದಿಂದ, ತುಟಿ ಕೂಡಿಸಿ ಗಾಳಿಯಲ್ಲಿ ಊದಿ ತೋರಿಸಿದಳು. ಯಜಮಾನರು ಅದನ್ನು ಏನೆಂದು ತಿಳಿದರೋ, ಗಾಬರಿಯಿಂದ ಮುಂದಕ್ಕೆ ತಿರುಗಿಬಿಟ್ಟರು. ಆಗಲೇ ಅವರ ಪಕ್ಕದಲ್ಲಿ ಕೂತಿದ್ದ ನಿವೃತ್ತ ಮೇಷ್ಟ್ರೊಬ್ಬರು ಬಾವುಟದ ಕೆಳಗಿನ ಎರಡಕ್ಷರವನ್ನು ಓದಿ, ಓದಿದ್ದನ್ನು ಪಾಲಿಸುವ ಅಭ್ಯಾಸದವರಾದ್ದರಿಂದ, ಊದಿದರು.

ಒಂದು ಬಾವುಟ ಹಾರಿತು. ಆಮೇಲೆ ಆ ಸಾಲು. ಆಮೇಲೆ ಹಿಂದಿನ ಸಾಲು. ಪುರಭವನದ ತುಂಬ, ಒಲೆ ಹೊತ್ತಿಸುವ ನೂರು ಅಡುಗೆಮನೆಗಳನ್ನು ಒಟ್ಟಿಗೆ ತಂದಿಟ್ಟ ಹಾಗೆ, ಉಫ್ ಉಫ್ ಸದ್ದು ಎದ್ದಿತು. ಹಲ್ಲಿಲ್ಲದ ಅಜ್ಜಿಯೊಬ್ಬಳಿಗೆ ಗಾಳಿ ನೆಟ್ಟಗೆ ಹೋಗಲಿಲ್ಲ, ಮೊಮ್ಮಗಳು ಅವಳ ಪರವಾಗಿಯೂ ಊದಿಕೊಟ್ಟಳು. ಪೊಲೀಸು ಅಧಿಕಾರಿ ಟೋಪಿ ತೆಗೆದಿಟ್ಟು ಊದಿದ. ಭಾಷಣ ಮಾಡುತ್ತಿದ್ದ ಅಧ್ಯಕ್ಷರಿಗೆ ಕೆಳಗೆ ಏನಾಗುತ್ತಿದೆಯೆಂದು ತಿಳಿಯಲಿಲ್ಲ. ವಾಕ್ಯದ ನಡುವೆ ನಿಂತರು, ತಮ್ಮೆದುರಿಗಿದ್ದ ಕಾರ್ಡು ತೆರೆದರು, ಓದಿದರು, ಊದಿದರು. ಮೈಕು ಬಾಯಿಯ ಎದುರಿಗೇ ಇತ್ತು. ನಾಲ್ಕು ಮೂಲೆಗಳ ಸ್ಪೀಕರುಗಳಿಂದ ಬಿರುಗಾಳಿಯಂಥ ಒಂದು 'ಫೂ' ಹೊರಟು ಇಡೀ ಸಭೆಯ ಮೇಲೆ ಹಾಯ್ದುಹೋಯಿತು.

ಆಮೇಲೆ ಭಾಷಣ ಮುಂದುವರಿಯಲಿಲ್ಲ. ಮುಂದುವರಿಸಲು ಅವರು ಎರಡು ಸಲ ಬಾಯಿ ತೆರೆದರು, ಎರಡು ಸಲವೂ ಸಭೆ ನಕ್ಕಿತು, ಮೂರನೆಯ ಸಲ ಅವರೇ ನಕ್ಕರು. ವೇದಿಕೆಯ ಬದಿಯಲ್ಲಿ ನಿಂತಿದ್ದ ಹೆಡ್‌ಕ್ಲರ್ಕ್ ಮೇಡಂ ಗೋಡೆಯ ಕಡೆ ತಿರುಗಿದರು. ಅವರ ಹೆಗಲು ಕುಣಿಯುತ್ತಿದ್ದುದನ್ನು ಊರು ನೋಡಿತು. ಅಂಟಕ್ಕ ಕೊನೆಯ ಸಾಲಿನಲ್ಲಿ ನಗುತ್ತಿದ್ದಳೋ ಅಳುತ್ತಿದ್ದಳೋ ಪಕ್ಕದಲ್ಲಿದ್ದ ಗಿಲಕಿಗೂ ಗೊತ್ತಾಗಲಿಲ್ಲ. ಗಿಲಕಿಯೇ ನಕ್ಕು ನಕ್ಕು ಕುರ್ಚಿಯಿಂದ ಜಾರಿ ನೆಲದ ಮೇಲೆ ಕೂತಿದ್ದಳು.

ಹೊರಗೆ ಬರುವಾಗ ಮೇಡಂ ಬಾಗಿಲಲ್ಲಿ ಅಂಟಕ್ಕನನ್ನು ತಡೆದರು. ಮುಖ ಎಂದಿನ ಹಾಗೆ ಗಂಟಿಕ್ಕಿಕೊಂಡಿತ್ತು. ಮುಂದಿನ ವರ್ಷವೂ ಮುನ್ನೂರು ಬೇಕು, ಇಂಥವೇ ಬೇಕು, ಸರಿಪಡಿಸಲು ಹೋಗಬೇಡಿ ಎಂದರು.

ಮಾರನೆಯ ಬೆಳಿಗ್ಗೆ ಅಂಟಕ್ಕ ಅಂಗಡಿಗೆ ಬಂದಾಗ ಯಜಮಾನರು ಟೈಪ್‌ರೈಟರನ್ನು ಎದೆಗವಚಿಕೊಂಡು ನಿಂತಿದ್ದರು. ಅದನ್ನು ಎಲ್ಲಿಡುವುದೆಂದು ಅವರಿಗೆ ತೋಚಿರಲಿಲ್ಲ. ಕ್ಯಾಲೆಂಡರುಗಳು ನೆಲದ ಮೇಲಿದ್ದವು. ಮೇಜನ್ನು ಯಾರೋ ಒದ್ದೆ ಬಟ್ಟೆಯಲ್ಲಿ ಒರೆಸಿದ್ದರು, ನಡುವೆ ಮಾತ್ರ ಒಂದು ತಲೆಯಷ್ಟು ಜಾಗ ಹೊಳೆಯುತ್ತಿತ್ತು. ಅಲ್ಲಿ ಮೂವತ್ತು ವರ್ಷದ ನಿದ್ದೆ ಉಜ್ಜಿ ಉಜ್ಜಿ ಮರ ನುಣುಪಾಗಿತ್ತು.

"ಎರಡರಿಂದ ನಾಲ್ಕರವರೆಗೆ," ಎಂದರು ಯಜಮಾನರು, ಟೈಪ್‌ರೈಟರಿನ ಹಿಂದಿನಿಂದ, "ಆ ಮೂಲೇಲಿ ಸ್ವಲ್ಪ ಜಾಗ ಕೊಡ್ತೀಯಾಮ್ಮ?"

ಕೊಡುತ್ತೇನೆಂದಳು. ಕತ್ತರಿ ಅಲ್ಲಿಟ್ಟಳು, ಬಟ್ಟಲು ಇಲ್ಲಿಟ್ಟಳು, ಮೂಳೆಪಟ್ಟಿ ಬಲಗೈ ಹತ್ತಿರ. ನಡುವಿನ ಕೋಣೆಯಿಂದ ತಮ್ಮನ ಗೊಣಗಾಟ ಕೇಳುತ್ತಿತ್ತು. ಮುಂದಿನ ವರ್ಷಕ್ಕೆ ಬೇಕೆಂದೇ ಹಾಳೆ ಅಡ್ಡ ಕತ್ತರಿಸಬೇಕು, ಇಡೀ ಜನ್ಮದಲ್ಲಿ ಇಂಥ ಕೆಲಸ ಮಾಡಿಲ್ಲ, ಅಕ್ಕ ಒಂದೊಂದನ್ನೂ ನೆಕ್ಕಿ ನೋಡಿ ತಪ್ಪಾಗಿಯೇ ಇದೆ ಎಂದು ಹೇಳಿದರೆ ಮಾತ್ರ ಯಂತ್ರ ಮುಟ್ಟುತ್ತೇನೆ ಎನ್ನುತ್ತಿದ್ದ.

ಅಂಟಕ್ಕ ಉಳಿಸಿಕೊಂಡಿದ್ದ ಒಂದು ಕಾರ್ಡನ್ನು ಮೇಜಿನ ತುದಿಯಲ್ಲಿ ತೆರೆದಿಟ್ಟಳು. ಬಾವುಟ ಎದ್ದು, ತಡೆದು, ಬಾಗಿತು. ಊದಲೆಂದು ತುಟಿ ಕೂಡಿಸಿದವಳು ಹಾಗೆಯೇ ನಿಂತಳು. ಒಂಬತ್ತರ ಬಿಸಿಲು ಮೇಜಿನ ಮೇಲೆ ಕಾಲಿಡುತ್ತಿತ್ತು. ಕಿಟಕಿಯಿಂದ ಸಣ್ಣಗೆ ಗಾಳಿ ಬಂತು.